ಫರಕ್ ಇಲ್ಲವೆಂದು ನಾವು ಬರೆದಿರಲಿಲ್ಲ

ಪಾಠ ಮಾಡುವಾಗ ಮೇಡಂ ಎಡಗೈಯನ್ನು ಸೊಂಟದ ಹಿಂದೆ ಒತ್ತಿ ಹಿಡಿದು ನಿಲ್ಲುತ್ತಿದ್ದರು. ಬೋರ್ಡಿನ ಮೇಲೆ ಬರೆಯಲು ಬಲಗೈ ಎತ್ತಿದರೆ ಮುಖ ಒಂದು ಕ್ಷಣ ಕಿವುಚಿಕೊಳ್ಳುತ್ತಿತ್ತು. ಲಕ್ವಾ ಹೊಡೆದು ಮಲಗಿದ್ದ ಗಂಡನನ್ನು ಎತ್ತಿ, ಹೊರಳಿಸಿ ಬಂದ ನೋವು ಅದು. ಕಲಬುರಗಿಯ ಗಾಜಿಪುರದಲ್ಲಿದ್ದ ಅವರ ಮನೆಗೆ ಹೋದಾಗಲೇ ನನಗೆ ಇದು ತಿಳಿದದ್ದು. ಕಾಲೇಜಿನಲ್ಲಿ ಅವರು ಮನೆಯ ಮಾತು ಎತ್ತಿದವರಲ್ಲ.

ಸಮಾಜಕಾರ್ಯ ಓದುತ್ತಿದ್ದ ನಮಗೆ ಅವರು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದರು. ಲೆಕ್ಕಕ್ಕೆ ಹೆದರುವವರೇ ಈ ಓದಿಗೆ ಬರುತ್ತಾರೆಂದು ಅವರಿಗೆ ಗೊತ್ತಿತ್ತು. ಹಿಡಿ ತೊಗರಿಬೇಳೆ ನೋಡಿ ಇಡೀ ಚೀಲದ ಮಾತಾಡುತ್ತೇವಲ್ಲ, ಆ ಹಿಡಿ ನಮ್ಮನ್ನು ದಾರಿ ತಪ್ಪಿಸುತ್ತಿದೆಯೇ ಎಂದು ಕೇಳಿಕೊಳ್ಳುವುದೇ ಈ ವಿದ್ಯೆ ಎನ್ನುತ್ತಿದ್ದರು. ಮನೆಯಲ್ಲಿ ದಖ್ನಿ ಉರ್ದು ಆಡುವವರು; ಪುಸ್ತಕದ ‘ವ್ಯತ್ಯಾಸ’ ಅವರ ಬಾಯಲ್ಲಿ ಯಾವಾಗಲೂ ‘ಫರಕ್’.

ಕಮಲಾಪುರದಲ್ಲಿ ಒಂದು ಸಂಸ್ಥೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸರನ್ನು ವಾರಕ್ಕೊಮ್ಮೆ ಕೂಡಿಸಿ ಮಾತಾಡಿಸುತ್ತಿತ್ತು. ಅದರಿಂದ ಅವರ ದಣಿವು ಕಡಿಮೆಯಾಗುತ್ತದೆಯೇ ಎಂಬುದು ನನ್ನ ಪ್ರಬಂಧದ ವಿಷಯ; ಮೇಡಂ ನನ್ನ ಮಾರ್ಗದರ್ಶಕರು. ಅಲ್ಲಿಗೆ ಬರುವವರನ್ನೂ ಬಾರದವರನ್ನೂ ಕೇಳಿ ಹೋಲಿಸಿದೆ. ಬರುವವರ ದಣಿವು ತುಸು ಕಡಿಮೆಯಿತ್ತು. ಆದರೆ ಲೆಕ್ಕ ಹಾಕಿದಾಗ ಅದು ಸಿಗ್ನಿಫಿಕೆಂಟ್ ಆಗಲಿಲ್ಲ. ಅಷ್ಟು ಫರಕ್ ಸುಮ್ಮನೆ ಆಕಸ್ಮಿಕವಾಗಿಯೂ ಬಂದಿರಬಹುದಿತ್ತು.

ಮೇಡಂ ಅವರನ್ನು ಕಾಣಲು ಸಂಸ್ಥೆಯ ಕಾರ್ಯದರ್ಶಿ ಬಂದರು. ಕೆಟ್ಟ ಮನುಷ್ಯರಲ್ಲ, ಕೆಲಸ ನಿಂತುಹೋದೀತೆಂಬ ಭಯ ಅವರದು. ದಣಿವು ತೀರಾ ಹೆಚ್ಚಾಗಿದ್ದ ಇಬ್ಬರನ್ನು ಕೈಬಿಟ್ಟರೆ ಫಲಿತಾಂಶ ಬರುತ್ತದಲ್ಲ ಎಂದು ಮೆಲ್ಲಗೆ ಕೇಳಿದರು.

“ಆ ಇಬ್ರೂ ಪ್ರತಿ ವಾರ ಬಂದಾರ್ರೀ,” ಎಂದರು ಮೇಡಂ. “ಬಂದೂ ದಣದಾರ. ಅವರನ್ನ ಹ್ಯಾಂಗ ಬಿಡೂದು?”

ಬಂದದ್ದನ್ನು ಬಂದಂತೆಯೇ ಬರೆದೆವು. ಅದನ್ನು ಓದಿದ, ಸಂಸ್ಥೆಗೆ ಹಣ ಕೊಡುತ್ತಿದ್ದ ದಾನಿಗಳು, ಇದರಿಂದ ಪ್ರಯೋಜನವಿಲ್ಲವೆಂದು ಸಾಬೀತಾಯಿತು, ಮುಚ್ಚಿಬಿಡೋಣ ಎಂದು ಕಮಲಾಪುರದಲ್ಲಿ ಸಭೆ ಕರೆದರು. ಮೇಡಂ ನಾದಿನಿಯನ್ನು ಗಂಡನ ಹತ್ತಿರ ಕೂರಿಸಿ ನನ್ನೊಂದಿಗೆ ಹೊರಟರು. ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ದಾರಿಯುದ್ದಕ್ಕೂ ಕಂಬಿ ಹಿಡಿದು, ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಸಭೆಯಲ್ಲಿ ದನಿ ಏರಿಸದೆ ಹೇಳಿದರು: “ಫರಕ್ ಇಲ್ಲಂತ ನಾವು ಬರದಿಲ್ರೀ. ಫರಕ್ ಅದ ಅಂತ ಹೇಳಾಕ ಇಷ್ಟು ಮಂದಿ ಸಾಲೂದಿಲ್ಲ ಅಂತ ಬರದೀವಿ. ಎರಡೂ ಒಂದಲ್ಲ.” ಇನ್ನಷ್ಟು ಜನರನ್ನು ಸೇರಿಸಿ ಮತ್ತೆ ನೋಡೋಣ ಎಂದು ಕೇಳಿಕೊಂಡರು. ಎಲ್ಲರೂ ಗೌರವದಿಂದ ಕೇಳಿದರು, ಚಹಾ ಕೊಟ್ಟರು, ಮುಚ್ಚುವ ನಿರ್ಧಾರಕ್ಕೆ ಸಹಿ ಹಾಕಿದರು.

ಹೊರಗೆ ಕಟ್ಟೆಯ ಮೇಲೆ ಹೆಂಗಸರು ಕಾದಿದ್ದರು. ಸುದ್ದಿ ತಿಳಿಸಿ ಮೇಡಂ ಅವರ ನಡುವೆಯೇ ಕುಳಿತುಬಿಟ್ಟರು. ಅತ್ತೆಯನ್ನು ನೋಡಿಕೊಳ್ಳುವ ಒಬ್ಬಾಕೆ ಅವರು ಕುಳಿತ ರೀತಿಯನ್ನೇ ಗಮನಿಸುತ್ತಿದ್ದು, “ನೀವು ಯಾರನ್ನ ನೋಡ್ಕೋತೀರ್ರೀ ಅಕ್ಕೋರೆ?” ಎಂದು ಕೇಳಿದಳು.

“ನಮ್ಮ ಮನೆಯವರನ್ನ,” ಎಂದರು ಮೇಡಂ. ಮತ್ತೆ ಅವರ ಮಾತು ನಿಲ್ಲಲಿಲ್ಲ. ಕಲಬುರಗಿಯ ಬಸ್ಸು ಹೋಯಿತು, ಅದರ ನಂತರದ್ದೂ ಹೋಯಿತು. ನಾನು ಎಬ್ಬಿಸಲಿಲ್ಲ.

ಮುಂದೆ, ಗಂಡನಿಗಿಂತ ಮೊದಲು ಮೇಡಂ ಅವರೇ ತೀರಿಹೋದರು. ಹೃದಯಾಘಾತ ಎಂದರು. ಸುದ್ದಿ ತಿಳಿಸಲು ಅತ್ತೆಯನ್ನು ನೋಡಿಕೊಳ್ಳುತ್ತಿದ್ದ ಕಮಲಾಪುರದ ಆ ಹೆಣ್ಣುಮಗಳಿಗೆ ಫೋನ್ ಮಾಡಿದೆ.

“ಅವತ್ತ ಅವ್ರು ನಮ್ ನಡುವ ಕುಂತಿದ್ರಲ್ರೀ,” ಎಂದಳು ಆಕೆ. “ಆ ದಿನ ನನಗ ದಣಿವು ಕಮ್ಮಿ ಆಗಿತ್ತು. ಅದನ್ನ ಎಲ್ಲ್ಯಾದ್ರೂ ಬರೀರಿ.”

ಒಬ್ಬರ ಮಾತು, ಅದೂ ಒಂದು ದಿನದ್ದು. ಅದರಿಂದ ಏನೂ ಸಾಬೀತಾಗುವುದಿಲ್ಲವೆಂದು ಕಲಿಸಿದವರು ಮೇಡಂ ಅವರೇ. ಆದರೂ ಬರೆದಿದ್ದೇನೆ.