ಮೂರನೇ ಸೀಟಿನ ದೂರು ಒಪ್ಪದ ಸುಗುಣಾ

ಬೆಳಗಿನ ಐದೂಕಾಲು. ಚೆನ್ನೈನ ವಡಪಳನಿಯ ಗಲ್ಲಿಯೊಂದರ ಮೊದಲ ಮಹಡಿಯಲ್ಲಿ ಸುಗುಣಾ ಒಂದು ಗೇಮ್ ಕಂಟ್ರೋಲರನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕುಳಿತಿದ್ದಾರೆ. ಪರದೆಯ ಮೇಲೆ ಒಂದು ವೃತ್ತ, ಅದರ ನಡುವೆ ಒಂದು ಚುಕ್ಕೆ. ಯಾರೂ ಮುಟ್ಟದಿದ್ದರೂ ಚುಕ್ಕೆ ಮೆಲ್ಲಗೆ ಎಡಕ್ಕೆ ಸರಿಯುತ್ತದೆ. "ಓಡ್ತದೆ ನೋಡಿ, ಕಳ್ಳ" ಎಂದು ಅವರು ಸ್ಕ್ರೂಡ್ರೈವರ್ ಎತ್ತಿಕೊಳ್ಳುತ್ತಾರೆ.

ಕಂಪ್ಯೂಟರಿನಲ್ಲಿ ಆಟವಾಡುವವರು ಎರಡೂ ಕೈಯಲ್ಲಿ ಹಿಡಿಯುವ ಸಾಧನ ಇದು. ಹೆಬ್ಬೆರಳ ಕೆಳಗೆ ಎರಡು ಕುಳ್ಳ ಸ್ಟಿಕ್‌ಗಳಿರುತ್ತವೆ. ಅವು ಸವೆದರೆ ಅಥವಾ ಒಳಗೆ ಧೂಳು ಸೇರಿದರೆ ಯಾರೂ ಕೊಡದ ಆಜ್ಞೆ ಕಂಪ್ಯೂಟರಿಗೆ ಹೋಗುತ್ತದೆ. ಆಟದ ಮನುಷ್ಯ ತಾನಾಗಿಯೇ ಗೋಡೆಗೆ ಹೋಗಿ ಗುದ್ದುತ್ತಾನೆ. ಈ ಕಾಯಿಲೆಗೆ ಮದ್ದು ಮಾಡುವುದು ಸುಗುಣಾ ಅವರ ಕಸುಬು.

"ಒತ್ತಿದಾಗ ಕೆಲಸ ಮಾಡುದು ದೊಡ್ಡ ಸಂಗತಿ ಅಲ್ಲ ಮಾರಾಯ್ರೆ. ಕೈ ಬಿಟ್ಟಾಗ ಸುಮ್ಮನೆ ಕೂತ್ಕೊಳ್ಬೇಕು. ಅದು ನಮ್ಮ ಮನೆಯವರಿಗೇ ಬರುದಿಲ್ಲ."

ಮನೆಯವರು ಎಂದರೆ ಗಂಡ ಮೋನಪ್ಪ. ಹತ್ತಿರದ ಸಸ್ಯಾಹಾರಿ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುವ ಅವರು ನಾಲ್ಕು ಗಂಟೆಗೇ ಹೊರಟುಹೋಗಿದ್ದಾರೆ. ಇಬ್ಬರೂ ಕಾರ್ಕಳದ ಕಡೆಯವರು. ಚೆನ್ನೈಗೆ ಬಂದು ಇಪ್ಪತ್ತೆರಡು ವರ್ಷ. ಮಗಳು ಪ್ರಣಮ್ಯಾ ಕಾಲೇಜಿನಲ್ಲಿದ್ದಾಳೆ. ತಾಯಿ ಕನ್ನಡದಲ್ಲಿ ಬೈದರೆ ತಮಿಳಿನಲ್ಲಿ ತಿರುಗಿ ಕೊಡುತ್ತಾಳೆ.

ಸುಗುಣಾ ಬೆಸುಗೆ ಕಲಿತದ್ದು ನಗರದ ಹೊರಗಿನ ಮೊಬೈಲ್ ಜೋಡಣೆಯ ಕಾರ್ಖಾನೆಯಲ್ಲಿ. ಏಳು ವರ್ಷ ಒಂದೇ ಬೆಂಚಿನಲ್ಲಿ ದುಡಿದರು. ಒಂದು ಸೋಮವಾರ ಗೇಟಿನಲ್ಲಿ ಗುರುತಿನ ಚೀಟಿ ಕೆಲಸ ಮಾಡಲಿಲ್ಲ. ಹಾಗೇ ಕೆಲಸ ಹೋದದ್ದು ಗೊತ್ತಾಯಿತು. ಅಳಲಿಲ್ಲವೇ ಎಂದು ಕೇಳಿದರೆ ಸಿಡುಕುತ್ತಾರೆ. "ಅತ್ರೆ ಬಸ್ಸಿನವ ಟಿಕೆಟ್ ಬಿಡ್ತಾನಾ? ಕೈ ನನ್ನದೇ ಅಲ್ವಾ? ತಗೊಂಡು ಮನೆಗೆ ಬಂದೆ."

ಆ ಕೈ ಈಗ ದಿನಕ್ಕೆ ಒಂಬತ್ತು ಕಂಟ್ರೋಲರ್ ದುರಸ್ತಿ ಮಾಡುತ್ತದೆ. ಒಂದು ಸ್ಟಿಕ್ ತೆಗೆಯಲು ಹದಿನಾಲ್ಕು ಬೆಸುಗೆ ಬಿಡಿಸಬೇಕು, ಹೊಸದನ್ನು ಕೂರಿಸಿ ಮತ್ತೆ ಹದಿನಾಲ್ಕು ಹಾಕಬೇಕು. ಸಣ್ಣ ತೊಂದರೆಯಾದರೆ ಸ್ಪಿರಿಟ್ ಹಚ್ಚಿದ ಹತ್ತಿ ಸಾಕು. ಫೋನ್ ಮಾಡುವವರಲ್ಲಿ ಅರ್ಧ ಜನ "ರಿಪೇರಿಯವರನ್ನು ಕರೀರಿ" ಎನ್ನುತ್ತಾರೆ. "ಕರೆದೆ, ಬಂದೆ, ಹೇಳಿ" ಎಂಬುದು ಇವರ ಉತ್ತರ.

ಇಷ್ಟು ವರ್ಷಗಳಲ್ಲಿ ಅವರ ಕೈಯ ಮೇಲೆ ಅನುಮಾನ ಬಂದದ್ದು ಒಮ್ಮೆ. ಕಳೆದ ತಿಂಗಳು.

ಶೋಳಿಂಗನಲ್ಲೂರಿನಲ್ಲಿ ಬದರಿನಾಥ ಎಂಬವರ ಗೇಮಿಂಗ್ ಸೆಂಟರ್ ಇದೆ. ಅವರ ಕನ್ನಡಿಗ ಹಿರಿಯರು ಮದರಾಸಿಗೆ ಬಂದು ನಾಲ್ಕು ತಲೆಮಾರಾಗಿ, ಮನೆಯ ಕನ್ನಡಕ್ಕೆ ತಮಿಳು ಬೆರೆತಿದೆ. ಅಲ್ಲಿನ ಮೂವತ್ತು ಕಂಟ್ರೋಲರ್‌ಗಳೂ ಸುಗುಣಾ ಕೈಯಲ್ಲಿ ಬಿಚ್ಚಿ ಮುಚ್ಚಿದವು. ಅವರ ಕೆಲಸದ ಅರ್ಧಪಾಲು ಬರುವುದು ಅಲ್ಲಿಂದಲೇ. ಅಲ್ಲಿನ ಮೂರನೇ ಸೀಟಿನಲ್ಲಿ ಆಟಗಾರ ತಾನಾಗಿ ಎಡಕ್ಕೆ ಓಡುತ್ತಾನೆ ಎಂಬ ದೂರು ಶುರುವಾಯಿತು. ಕಂಟ್ರೋಲರ್ ಬದಲಿಸಿದರೂ ಅದೇ ಕತೆ. ಪ್ರತಿ ಸಲವೂ ಬದಲಿಸಿದ್ದನ್ನು ಬೈಕಿನವನ ಕೈಯಲ್ಲಿ ವಡಪಳನಿಗೆ ಕಳಿಸುತ್ತಿದ್ದರು. ಇಲ್ಲಿ ನೋಡಿದರೆ ಚುಕ್ಕೆ ನಡುವಲ್ಲೇ ನಿಂತಿರುತ್ತಿತ್ತು. ಹಾಗೆಂದು ಹೇಳಿದರೆ ನಂಬುವವರಿಲ್ಲ. ಸೆಂಟರಿನ ದೂರು ಪುಸ್ತಕದಲ್ಲಿ ಹನ್ನೊಂದು ಸಲ ಒಂದೇ ಮಾತು ಬಿತ್ತು: 'ಸುಗುಣಾ ರಿಪೇರಿ ಸರಿಯಿಲ್ಲ.'

ಒಂದು ಶನಿವಾರ ಬೆಳಿಗ್ಗೆ ಬದರಿನಾಥ ಕರೆಸಿ ಆ ಪುಸ್ತಕವನ್ನು ಮುಂದಿಟ್ಟರು. "ತಪ್ಪಾಗಿ ನಿನೈಕ್ಕಬೇಡಿಮ್ಮಾ. ಕಸ್ಟಮರ್ ಕೂಗಾಡ್ತಾ ಇದ್ದಾರೆ. ಮುಂದಿನ ವಾರ ಎಲ್ಲಾನೂ ಹೊಸಾದೇ ತಗೊಂಡು ಹಾಕ್ತೀನಿ. ನಿಮ್ಮ ಕೆಲಸ ಇಲ್ಲಿಗೆ ಸಾಕು."

ಪುಸ್ತಕ ನೋಡಿದ ಸುಗುಣಾ ಬೇಡಿಕೊಳ್ಳಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ ತಾರೀಕುಗಳನ್ನು ಹೊಂದಿಸಿದರು. ಹನ್ನೊಂದೂ ಶನಿವಾರಗಳೇ.

"ಶನಿವಾರ ರೊಂಬ ರಶ್ ಅಲ್ವಾ" ಎಂದರು ಬದರಿನಾಥ.

"ಭಾನುವಾರ ಇನ್ನೂ ರಶ್ ಉಂಟಲ್ಲ ಸರ್? ಭಾನುವಾರ ನನ್ನ ರಿಪೇರಿ ತನ್ನಷ್ಟಕ್ಕೆ ಒಳ್ಳೆದಾಗ್ತದಾ?"

ಅವರು ಉತ್ತರಕ್ಕೆ ಕಾಯದೆ ಮೂರನೇ ಸೀಟಿಗೆ ಹೋಗಿ ಕುಳಿತರು. ದುರಸ್ತಿಗೆ ಬಂದದ್ದನ್ನು ಸಾವಿರ ಸಲ ನೋಡಿದ್ದರೂ ಆ ಕುರ್ಚಿಯಲ್ಲಿ ಅವರು ಕುಳಿತದ್ದು ಅದೇ ಮೊದಲು. ಪರದೆಯಲ್ಲಿ ಪರೀಕ್ಷೆಯ ವೃತ್ತ ತೆರೆದರು. ಚುಕ್ಕೆ ಎಡಕ್ಕೆ ಅಂಟಿಕೊಂಡಿತ್ತು. ಕಂಟ್ರೋಲರಿನ ವಯರ್ ಕಿತ್ತು ಮೇಜಿನ ಮೇಲಿಟ್ಟರು. ಚುಕ್ಕೆ ಕದಲಲಿಲ್ಲ. ಒಂದನ್ನೂ ಸಿಕ್ಕಿಸದ ಕಂಪ್ಯೂಟರಿನ ಪಟ್ಟಿಯಲ್ಲಿ ಇನ್ನೂ ಒಂದು ಕಂಟ್ರೋಲರ್ ಇತ್ತು. ಹನ್ನೊಂದು ವಾರ ಯಾರೂ ಇದನ್ನು ಮಾಡಿ ನೋಡಿರಲಿಲ್ಲ. ಒಂದು ಕಿತ್ತ ಕೂಡಲೇ ಇನ್ನೊಂದನ್ನು ಸಿಕ್ಕಿಸುವುದೇ ಅಲ್ಲಿನ ಅಭ್ಯಾಸ.

ಕಂಪ್ಯೂಟರಿನ ಹಿಂದೆ ಕೈ ಹಾಕಿದರೆ ಧೂಳು ಮೆತ್ತಿದ, ಉಗುರಿನಷ್ಟು ಪುಟ್ಟ ರಿಸೀವರ್ ಸಿಕ್ಕಿತು; ವಯರ್ ಇಲ್ಲದ ಕಂಟ್ರೋಲರಿನ ಆಜ್ಞೆಯನ್ನು ಕಂಪ್ಯೂಟರಿಗೆ ಮುಟ್ಟಿಸುವಂಥದ್ದು. "ಇದರ ಜೋಡಿ ಎಲ್ಲಿ ಸರ್?"

ಬದರಿನಾಥ ಬಾಯಿ ತೆರೆಯುವ ಮೊದಲೇ ಕಸ ಗುಡಿಸುವ ಸುಮತಿ ಬಾಗಿಲ ಪಕ್ಕದ ದೇವರ ಗೂಡಿನತ್ತ ಕೈ ತೋರಿಸಿದರು. ಶ್ರೀನಿವಾಸನ ಪಟದ ಮುಂದೆ ಒಂದು ಹಳೆಯ ಕಂಟ್ರೋಲರ್. ಅಂಗಡಿಗೆ ಮೊದಲು ಕೊಂಡ ಸಾಧನವನ್ನು ದೇವರ ಮುಂದಿಡಬೇಕು ಎಂಬ ತಾಯಿಯ ಮಾತನ್ನು ಬದರಿನಾಥ ಇವತ್ತಿಗೂ ಮೀರಿಲ್ಲ. ಶನಿವಾರ ಪೆರುಮಾಳ್ ಎಂದು ಅವರು ಕರೆಯುವ ಆ ಶ್ರೀನಿವಾಸನ ದಿನವಾದ್ದರಿಂದ ಅದಕ್ಕೂ ದಪ್ಪನೆಯ ತುಳಸಿ ಮಾಲೆ ಬೀಳುತ್ತದೆ. ಮೂರು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ ಸುಮತಿ ಅದಕ್ಕೆ ಚಾರ್ಜರ್ ಹಾಕಿ, ಪ್ರತಿ ಶನಿವಾರ ಒರೆಸಿ, ನಡುವಿನ ಗುಂಡಿ ಒತ್ತಿ ಬೆಳಕು ಹೊತ್ತಿಸುತ್ತಿದ್ದರು. "ಸಾಮಿ ಮುನ್ನಾಡಿ ಇರುಟ್ಟಾ ಇರಕ್ಕೂಡಾದುಲ್ಲ?" ಎಂದು ಆಕೆಯೇ ಕೇಳಿದರು. ದೇವರ ಮುಂದೆ ಕತ್ತಲೆ ಇರಬಾರದಲ್ಲ!

ಮಾಲೆಯ ಭಾರಕ್ಕೆ ಸ್ಟಿಕ್ ಎಡಕ್ಕೆ ವಾಲಿತ್ತು. ಸ್ಟಿಕ್ ಒತ್ತಿಕೊಂಡೇ ಇದ್ದುದರಿಂದ ಕಂಟ್ರೋಲರ್ ತಾನಾಗಿ ಆರುತ್ತಲೂ ಇರಲಿಲ್ಲ. ರಾತ್ರಿ ಕಂಪ್ಯೂಟರ್ ಆರಿಸಿದಾಗ ಅದೂ ಆರುತ್ತಿತ್ತು. ಭಾನುವಾರ ಯಾರೂ ಗುಂಡಿ ಒತ್ತುತ್ತಿರಲಿಲ್ಲ.

ಸುಗುಣಾ ಮಾಲೆಯನ್ನು ಎರಡು ಬೆರಳಲ್ಲಿ ಎತ್ತಿದರು. ಮೂರನೇ ಸೀಟಿನ ಪರದೆಯಲ್ಲಿ ಚುಕ್ಕೆ ನಡುವಿಗೆ ಬಂದು ನಿಂತಿತು.

ಬದರಿನಾಥ ಜೋರಾಗಿ ನಕ್ಕರು. "ಅಯ್ಯೋ ರಾಮಾ! ಪೆರುಮಾಳೇ ಆಡ್ತಾ ಇದ್ದದ್ದಾ? ಸರಿ ವಿಡುಂಗಮ್ಮಾ, ಹೊಸಾದು ಬೇಡ. ನೀವೇ ಕಂಟಿನ್ಯೂ ಮಾಡಿ."

ಇಲ್ಲಿಗೆ ಮುಗಿಯಬೇಕಿತ್ತು. ಸುಗುಣಾ ಮುಗಿಸಲಿಲ್ಲ. ಮೇಜಿನ ಮುಂದೆ ಕುರ್ಚಿ ಎಳೆದು ಕುಳಿತು, ಪುಸ್ತಕವನ್ನು ಅವರತ್ತ ತಳ್ಳಿ, "ಇದನ್ನು ಹೊಡೆದು ಹಾಕಿ" ಎಂದರು.

"ಅದನ್ನ ಯಾರಮ್ಮಾ ನೋಡ್ತಾರೆ?"

"ನೀವು ನೋಡಿದಿರಲ್ಲ. ನೋಡಿಯೇ ಅಲ್ವಾ ನನ್ನನ್ನು ತೆಗೀಲಿಕ್ಕೆ ಹೊರಟದ್ದು?"

"ಸರಿ, ಲೂಸ್ ಕನೆಕ್ಷನ್ ಅಂತ ಬರೀತೀನಿ. ಸಾಮಿ ವಿಷಯ ಯಾಕೆ?"

"ಲೂಸ್ ಕನೆಕ್ಷನ್ ಅಂದ್ರೂ ನನ್ನ ಬೆಸುಗೆ ಮೇಲೇ ಬರ್ತದೆ ಸರ್. ತುಳಸಿ ಮಾಲೆ ಅಂತ ಬರೀರಿ. ದೇವರಿಗೆ ಇದರಲ್ಲಿ ನಾಚಿಕೆ ಎಂತದು?"

ಸುಮತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಟಕ್ಕೆ ಬಂದಿದ್ದ ನಾಲ್ಕೈದು ಮಂದಿ ಹೆಡ್‌ಫೋನ್ ಇಳಿಸಿ ಇತ್ತ ತಿರುಗಿದ್ದರು. ಬದರಿನಾಥ ಪೆನ್ನು ತೆಗೆದುಕೊಂಡು ಸಾಲುಗಳನ್ನು ಹೊಡೆಯತೊಡಗಿದರು. ಪ್ರತಿ ಸಾಲಿನ ಪಕ್ಕದಲ್ಲೂ 'ತುಳಸಿ ಮಾಲೆ' ಎಂದು ಬರೆದು ಸಹಿ ಹಾಕಿದರು. ಹತ್ತು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದರು.

ಸುಗುಣಾ ಕುರ್ಚಿಯಿಂದ ಎದ್ದಿರಲಿಲ್ಲ.

"ಪುಟ ತಿರುಗಿಸಿ ಸರ್. ಹಿಂದೆ ಇನ್ನೊಂದು ಉಂಟು."