ಚಿತ್ರಕಥೆಯ ದೆವ್ವಕ್ಕೊಂದು ಮರ ಬೇಕಾಗಿದೆ

ಗೆಳೆಯರೇ, ವಾರಪತ್ರಿಕೆಗೆ ನಾನು ಬರೆಯುತ್ತಿರುವ ದೆವ್ವದ ಚಿತ್ರಕಥೆ ಹಿಡಿದುಕೊಂಡು ನಮ್ಮ ಹೆಮ್ಮಿಗೆಯ ಪುಟ್ಟೇಗೌಡಣ್ಣ ಇವತ್ತು ಮನೆಗೇ ಬಂದರು.

"ಈ ದೆವ್ವ ಇರೋದು ನಮ್ಮನೆ ಬಾವೀಲಿ ತಾನೆ? ಮಗಳ್ನ ನೋಡಕ್ಕೆ ಬಂದೋರು ಇದನ್ನ ಓದ್ಕಂಡಿದ್ರು. ಬಾವಿ ಕಾಣ್ತಿದ್ದಂಗೇ ಕಾಫಿನೂ ಕುಡೀದೆ ಎದ್ದೋದ್ರು ಕಣ್ಲಾ!"

ಹೆಣ್ಣು ನೋಡಬೇಕಾದ ಕಣ್ಣು ಬಾವಿ ನೋಡಿತ್ತು.

"ಬಾವಿ ಎಲ್ಲ ಒಂದೇ ತರ ಕಣಣ್ಣ."

"ಮುರ್ದಿರೋ ರಾಟೆನೂವಾ?"

ರಾಜಿಗೆ ಬಂದೆ. ಮುಂದಿನ ವಾರ ಮಂತ್ರವಾದಿ ಬಂದು, ದೆವ್ವವನ್ನು ಬಾವಿಯಿಂದ ಎಬ್ಬಿಸಿ, ಹುಣಸೆಮರಕ್ಕೆ ಮೊಳೆ ಹೊಡೆದು ಕೂರಿಸುತ್ತಾನೆ ಎಂದೆ.

ಗೌಡಣ್ಣ ನನ್ನನ್ನೇ ದಿಟ್ಟಿಸಿದರು. "ಯಾರ ಮರಕ್ಕೆ?"

"ಯಾರದೂ ಅಲ್ಲ."

"ನಮ್ಮೂರಲ್ಲಿ ಯಾರ್ದೂ ಅಲ್ದಿರೋ ಮರ ಯಾವ್ದ್ಲಾ ಇದ್ದದು?"

ನಿಜವೇ. ಊರಿನ ಪ್ರತಿ ಮರಕ್ಕೂ ಒಬ್ಬ ವಾರಸುದಾರನಿದ್ದಾನೆ. ದೆವ್ವಕ್ಕೆ ಮಾತ್ರ ನಾನೊಬ್ಬನೇ.