ಅಡ್ಡಕ್ಕೆ ನಾಲ್ಕು ಸಸಿ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ಹುಡುಕಿದರೂ ಸಿಎಸ್‌ಎಸ್ ಗ್ರಿಡ್‌ನಲ್ಲಿ, ಅಂದರೆ ಪರದೆಯನ್ನು ಚೌಕಚೌಕವಾಗಿ ಹಂಚಿ ಫೋಟೋ ಜೋಡಿಸುವ ವಿಧಾನದಲ್ಲಿ, ನನ್ನಷ್ಟು ಚೆಂದವಾಗಿ ವೆಬ್ ಪೇಜ್ ಕಟ್ಟುವವನು ಸಿಗಲ್ಲ. ಇದು ಜಂಬ ಅಲ್ಲ, ಮಾಹಿತಿ. ಸಖರಾಯಪಟ್ಟಣದ ಹತ್ತಿರ ತೆಂಗಿನ ಸಸಿಗಳ ನರ್ಸರಿ ನಡೆಸುವ ಗಿರಿಜಕ್ಕನಿಗೂ ಇದನ್ನೇ ಹೇಳಿ ಕೆಲಸ ಹಿಡಿದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಸಿಗಳ ಫೋಟೋಗಳು ಅಡ್ಡಕ್ಕೆ ನಾಲ್ಕರಂತೆ ಠೀವಿಯಿಂದ ನಿಂತಿದ್ದವು. ಅಕ್ಕ ಅದನ್ನು ನೋಡಲೇ ಇಲ್ಲ, ಪೇಜನ್ನು ತಮ್ಮ ಫೋನಿನಲ್ಲಿ ತೆರೆದರು.

“ಏನಪ್ಪಾ, ನನ್ನ ಸಸಿ ಎಲ್ಲ ಕಡ್ಡಿ ಆಗೋಗಿವೆ?”

“ನಿಮ್ ಫೋನ್ ಚಿಕ್ಕದು ಕಣಕ್ಕ.”

“ನನ್ನ ಗಿರಾಕಿಗಳ ಹತ್ರ ಇರೋದೂ ಇಂಥವೇ. ಅವರಿಗೆ ಕಾಣದಿದ್ರೆ ಈ ಪೇಜ್ ನಂಗ್ಯಾಕೆ? ಬೇರೆ ಯಾರಿಗಾದ್ರೂ ಹೇಳ್ತೀನಿ ಬಿಡು.”

ನಾನು ಲ್ಯಾಪ್‌ಟಾಪ್ ಮಡಚತೊಡಗಿದ್ದು ನೋಡಿ ಅವರಿಗೇ ಪಾಪ ಅನ್ನಿಸಿತೇನೋ. ನರ್ಸರಿ ಹಿಂದಿನ ತೆಂಗಿನ ತೋಟ ಕಿರಿದಾಗುತ್ತಾ ಹೋಗುವ ಮೂಲೆಯತ್ತ ಕೈ ತೋರಿಸಿದರು.

“ಅಲ್ಲಿ ಜಾಗ ಕಮ್ಮಿ ಅಂತ ಮರ ಒತ್ತೊತ್ತಾಗಿ ನೆಟ್ಟಿದೀವಾ? ಮರಕ್ಕೆ ಬೇಕಾದಷ್ಟು ಅಂತರ ಕೊಡ್ತೀವಿ, ಹಿಡಿಸದಿದ್ರೆ ಒಂದು ಸಾಲೇ ಬಿಡ್ತೀವಿ ಕಣೋ.”

ಪರದೆ ಎಷ್ಟೇ ಕಿರಿದಾಗಲಿ, ಅಡ್ಡಕ್ಕೆ ನಾಲ್ಕೇ ಎಂದು ನಾನು ಕೋಡ್‌ನಲ್ಲಿ ಬರೆದುಬಿಟ್ಟಿದ್ದೆ. ಅಲ್ಲೇ ಸಸಿ ಚೀಲಗಳ ನಡುವೆ ಕೂತು ಅದನ್ನು ಅಳಿಸಿ, ಒಂದು ಫೋಟೋಗೆ ಕನಿಷ್ಠ ಇಷ್ಟು ಅಗಲ, ಆಮೇಲೆ ಎಷ್ಟು ಹಿಡಿಸುತ್ತೋ ಅಷ್ಟು ಎಂದು ಒಂದೇ ಸಾಲಿನಲ್ಲಿ ಬರೆದೆ. ಫೋನಿನಲ್ಲಿ ಸಸಿಗಳು ಒಂದರ ಕೆಳಗೊಂದು ದಪ್ಪಗೆ ನಿಂತವು. ಗಿರಿಜಕ್ಕ ಬೆರಳಲ್ಲಿ ಜಾರಿಸಿ ಜಾರಿಸಿ ನೋಡಿ, “ಹಾಂ, ಇವು ಸಸಿ” ಅಂದರು. ಕೆಲಸ ನನ್ನದಾಗೇ ಉಳಿಯಿತು.

ಈಗ ಯಾವ ಗಿರಾಕಿ ಬಂದರೂ ತೆಂಗಿನ ತೋಟ ತೋರಿಸಿಯೇ ಗ್ರಿಡ್ ವಿವರಿಸುತ್ತೇನೆ. ಎಲ್ಲಿ ಕಲಿತೆ ಅಂದರೆ, ಹುಟ್ಟಿನಿಂದಲೇ ಬಂದದ್ದು ಅನ್ನುತ್ತೇನೆ. ರೈತನ ಮಗ ಹೌದಲ್ಲ, ಪೂರ್ತಿ ಸುಳ್ಳೇನೂ ಅಲ್ಲ.